ನಮೂನೆಯ ಸ್ಥಾನದಲ್ಲಿ ಛಾಯಾಚಿತ್ರ: ಸಣ್ಣ ಸರಕುಗಳ ಚಿತ್ರೀಕರಣದಲ್ಲಿ ಬೆಳಕು ಮತ್ತು ಎಕ್ಸ್‌ಪೋಷರ್

ಗೇರುಬೀಜದ ತಿರುಳಿನ ವ್ಯಾಪಾರದಲ್ಲಿ ದರದ ಮಾತಿಗೆ ಮೊದಲು ನಮೂನೆ ಬರುತ್ತದೆ. ಖರೀದಿದಾರನು ಒಂದು ಹಿಡಿ ತಿರುಳನ್ನು ಅಂಗೈಯಲ್ಲಿ ಹರಡಿ, ಬಣ್ಣವನ್ನು ನೋಡಿ, ಗಾತ್ರವನ್ನು ಅಂದಾಜಿಸಿ, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ ಬಳಿಕವೇ ಮುಂದಿನ ಮಾತು. ಕೈಮಗ್ಗದ ಸೀರೆಯನ್ನು ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯುವುದು, ಕುಚ್ಚಲಕ್ಕಿಯನ್ನು ಬೊಗಸೆಯಲ್ಲೆತ್ತಿ ನೋಡುವುದು, ಕಂಚಿನ ದೀಪವನ್ನು ತಟ್ಟಿ ನಾದ ಕೇಳುವುದು ಇವೆಲ್ಲವೂ ಇದೇ ಪದ್ಧತಿಯ ಬೇರೆ ಬೇರೆ ರೂಪಗಳು. ಆದರೆ ಇಂದು ಖರೀದಿದಾರನು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕುಳಿತು ಮೊಬೈಲ್ ದೂರವಾಣಿಯ ಪರದೆಯಲ್ಲಿ ಸರಕನ್ನು ಆರಿಸುತ್ತಾನೆ. ಅವನ ಅಂಗೈಗೆ ನಮೂನೆ ತಲುಪುವುದಿಲ್ಲ. ತಲುಪುವುದು ನಾವು ತೆಗೆದ ಛಾಯಾಚಿತ್ರ ಮಾತ್ರ.

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಸಣ್ಣ ಉತ್ಪಾದಕರು ಪ್ರತಿಯೊಂದು ಹೊಸ ಪೊಟ್ಟಣಕ್ಕೂ, ಪ್ರತಿಯೊಂದು ಹೊಸ ವಿನ್ಯಾಸಕ್ಕೂ ಛಾಯಾಗ್ರಾಹಕರನ್ನು ಕರೆಸುವುದು ಸಾಧ್ಯವಿಲ್ಲ. ಹಾಗೆ ಮಾಡಬೇಕಾದ ಅಗತ್ಯವೂ ಇಲ್ಲ. ಮನೆಯ ಜಗಲಿ ಅಥವಾ ಗೋದಾಮಿನ ಒಂದು ಮೂಲೆ, ಕೈಯಲ್ಲಿರುವ ಕ್ಯಾಮೆರಾ ಅಥವಾ ಮೊಬೈಲ್, ಕೆಲವು ನೂರು ರೂಪಾಯಿಗಳ ಸಲಕರಣೆ ಇವಿಷ್ಟರಿಂದಲೇ ವಿಶ್ವಾಸಾರ್ಹ ಚಿತ್ರಗಳನ್ನು ಪಡೆಯಬಹುದು. ಇದಕ್ಕೆ ಬೇಕಾದ ಬೆಳಕಿನ ವ್ಯವಸ್ಥೆ ಮತ್ತು ಕ್ಯಾಮೆರಾದ ಹೊಂದಾಣಿಕೆಗಳನ್ನು ಸದಸ್ಯ ಬಾಂಧವರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

1. ಛಾಯಾಚಿತ್ರವೂ ಸರಕಿನ ವರ್ಣನೆಯೇ

ಚಿತ್ರವನ್ನು ಕೇವಲ ಜಾಹೀರಾತಿನ ಅಲಂಕಾರವೆಂದು ಭಾವಿಸುವವರು ಕಾನೂನಿನ ದೃಷ್ಟಿಯನ್ನು ಒಮ್ಮೆ ಗಮನಿಸುವುದು ಒಳಿತು. ಸರಕು ಮಾರಾಟ ಅಧಿನಿಯಮ, 1930ರ 15ನೇ ಕಲಮಿನ ಪ್ರಕಾರ, ವರ್ಣನೆಯ ಆಧಾರದಲ್ಲಿ ಮಾರಾಟವಾದ ಸರಕು ಆ ವರ್ಣನೆಗೆ ಹೊಂದಿಕೆಯಾಗಿರಬೇಕೆಂಬುದು ಒಪ್ಪಂದದ ಅಂತರ್ಗತ ಷರತ್ತು. 17ನೇ ಕಲಮು ನಮೂನೆಯ ಮೇರೆಗೆ ನಡೆಯುವ ಮಾರಾಟಕ್ಕೆ ಇಂತಹುದೇ ಷರತ್ತನ್ನು ವಿಧಿಸುತ್ತದೆ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಇನ್ನೂ ಸ್ಪಷ್ಟವಾಗಿವೆ. ಸರಕಿನ ಜಾಹೀರಾತು ಅದರ ವಾಸ್ತವಿಕ ಗುಣಲಕ್ಷಣಗಳಿಗೆ ಅನುಗುಣವಾಗಿರಬೇಕು. ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ಸರಕಿನಲ್ಲಿ ಇಲ್ಲವಾದರೆ ಮಾರಾಟಗಾರನು ಅದನ್ನು ಮರಳಿ ಪಡೆಯಲು ಅಥವಾ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ.

ಲೆಕ್ಕದ ದೃಷ್ಟಿಯಿಂದಲೂ ವಿಷಯ ಗಂಭೀರವಾದುದೇ. ಉದಾಹರಣೆಗೆ, ಒಂದು ಪೊಟ್ಟಣದ ಮೇಲೆ 60 ರೂಪಾಯಿ ಲಾಭವಿದೆಯೆಂದೂ, ಅದು ಮರಳಿ ಬಂದರೆ ಹೋಗಿಬರುವ ಸಾಗಣೆ ಮತ್ತು ಪ್ಯಾಕಿಂಗ್ ವೆಚ್ಚ 150 ರೂಪಾಯಿ ಆಗುತ್ತದೆಯೆಂದೂ ಭಾವಿಸೋಣ. ಆ ಪೊಟ್ಟಣದ ಲಾಭ ಹೋಗುವುದಲ್ಲದೆ, ತಗುಲಿದ ವೆಚ್ಚವನ್ನು ಸರಿದೂಗಿಸಲು ಇನ್ನೂ ಎರಡೂವರೆ ಪೊಟ್ಟಣಗಳ ಲಾಭ ಬೇಕು. ತಿನ್ನುವ ಪದಾರ್ಥವಾದರೆ ಮರಳಿ ಬಂದದ್ದನ್ನು ಪುನಃ ಮಾರುವುದೂ ಕಷ್ಟ. ಆಗ ಸರಕಿನ ಅಸಲೂ ನಷ್ಟದ ಬಾಬ್ತಿಗೆ ಸೇರುತ್ತದೆ. ತೆರಿಗೆಯನ್ನು ಇಳಿಸಿಕೊಳ್ಳಲು ಜಿಎಸ್‌ಟಿ ಕಾನೂನಿನ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ, ಅದನ್ನು ಸಕಾಲದಲ್ಲಿ ರಿಟರ್ನಿನಲ್ಲಿ ತೋರಿಸುವ ಕೆಲಸ ಬೇರೆ.

ಲೆಕ್ಕಪರಿಶೋಧಕರು ಆಯವ್ಯಯ ಪಟ್ಟಿಯಲ್ಲಿ ಹುಡುಕುವುದು ಅದು 'ಸತ್ಯ ಮತ್ತು ನ್ಯಾಯಯುತ' ಚಿತ್ರಣವನ್ನು ನೀಡುತ್ತಿದೆಯೇ ಎಂಬುದನ್ನು. ಸರಕಿನ ಛಾಯಾಚಿತ್ರಕ್ಕೂ ಇದೇ ಅಳತೆಗೋಲನ್ನು ಅನ್ವಯಿಸಬಹುದು. ಸರಕನ್ನು ಇದ್ದುದಕ್ಕಿಂತ ಕಳಪೆಯಾಗಿ ತೋರಿಸಿದರೆ ಮಾರಾಟ ನಷ್ಟ. ಇದ್ದುದಕ್ಕಿಂತ ಮೇಲಾಗಿ ತೋರಿಸಿದರೆ ಮರಳಿ ಬರುವ ಸರಕಿನ ನಷ್ಟ. ಮುಂದೆ ಹೇಳುವ ಎಲ್ಲ ತಾಂತ್ರಿಕ ವಿಚಾರಗಳಿಗೂ ಈ ಅಳತೆಗೋಲೇ ಆಧಾರ.

2. ನಮ್ಮ ಊರಿನ ಬೆಳಕು

ಅತಿ ಕಡಿಮೆ ಖರ್ಚಿನ ಬೆಳಕು ಸೂರ್ಯನದು. ಆದರೆ ನೇರ ಬಿಸಿಲು ಸಣ್ಣ ಸರಕಿಗೆ ಯೋಗ್ಯವಲ್ಲ. ಅದು ಕಡುಗಪ್ಪು ನೆರಳನ್ನೂ ಕಣ್ಣು ಕುಕ್ಕುವ ಬಿಳಿ ಕಲೆಗಳನ್ನೂ ಉಂಟುಮಾಡುತ್ತದೆ. ಬೆಳಕಿನ ಮೂಲವು ಸರಕಿನ ಗಾತ್ರಕ್ಕೆ ಹೋಲಿಸಿದರೆ ಎಷ್ಟು ವಿಶಾಲವೋ, ಎಷ್ಟು ಸಮೀಪವೋ ನೆರಳು ಅಷ್ಟು ಮೃದು. ಆದುದರಿಂದ ಒಂದು ದೊಡ್ಡ ಕಿಟಕಿ, ಅದರ ಪಕ್ಕದಲ್ಲಿ ಎರಡು ಅಡಿ ದೂರದಲ್ಲಿ ಒಂದು ಮೇಜು, ಎದುರು ಬದಿಯಲ್ಲಿ ಬೆಳಕನ್ನು ಹಿಂದಿರುಗಿಸಲು ಒಂದು ಬಿಳಿ ಥರ್ಮೋಕೋಲ್ ಹಲಗೆ ಇದ್ದರೆ ಪ್ರಾರಂಭಕ್ಕೆ ಸಾಕು. ಕಿಟಕಿಯಲ್ಲಿ ಬಿಸಿಲು ಬೀಳುತ್ತಿದ್ದರೆ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿಕೊಳ್ಳಬಹುದು.

ಛಾಯಾಗ್ರಹಣದ ಪುಸ್ತಕಗಳು ಸಾಮಾನ್ಯವಾಗಿ ಉತ್ತರ ದಿಕ್ಕಿನ ಕಿಟಕಿಯನ್ನು ಶಿಫಾರಸು ಮಾಡುತ್ತವೆ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲವೆಂಬುದು ಕಾರಣ. ಇದು ಯೂರೋಪಿನ ದೇಶಗಳಿಗೆ ಬಹುಮಟ್ಟಿಗೆ ಸರಿ. ಆದರೆ ನಮ್ಮ ತಾಲೂಕುಗಳು ಸುಮಾರು ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆದುದರಿಂದ ಮೇ ತಿಂಗಳಿನಲ್ಲಿ ಉತ್ತರದ ಕಿಟಕಿಗೂ ಪರದೆ ಬೇಕಾಗಬಹುದು. ಅಕ್ಟೋಬರಿನಿಂದ ಮಾರ್ಚ್ ಮಧ್ಯದವರೆಗೆ ಅದೇ ಕಿಟಕಿ ದಿನವಿಡೀ ಸಮನಾದ ಬೆಳಕನ್ನು ನೀಡುತ್ತದೆ. ವರ್ಷದ ಮುಖ್ಯ ಚಿತ್ರಗಳನ್ನು ಈ ಅವಧಿಯಲ್ಲೇ ತೆಗೆದಿಟ್ಟುಕೊಳ್ಳುವುದು ಜಾಣತನ.

ಮಳೆಗಾಲದ ವಿಚಾರ ಬೇರೆ. ವರ್ಷಕ್ಕೆ ಸರಾಸರಿ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಆಕಾಶವೇ ಒಂದು ಬೃಹತ್ ಬೆಳಕಿನ ಪರದೆಯಾಗುತ್ತದೆ. ಬೆಳಕು ಬಹಳ ಮೃದು. ಆದರೆ ಕ್ಷೀಣ, ಮತ್ತು ಮೋಡದ ದಟ್ಟಣೆಗೆ ತಕ್ಕಂತೆ ನಿಮಿಷದಿಂದ ನಿಮಿಷಕ್ಕೆ ಬದಲಾಗುವಂಥದ್ದು. ಮೊದಲ ಪೊಟ್ಟಣದ ಚಿತ್ರಕ್ಕೆ ಮಾಡಿದ ಹೊಂದಾಣಿಕೆ ಹತ್ತನೆಯದಕ್ಕೆ ಸರಿಹೋಗದು. ಒಂದೇ ಸಾಲಿನ ಹಲವು ಸರಕುಗಳನ್ನು ಏಕರೂಪವಾಗಿ ತೋರಿಸಬೇಕಾದಾಗ ಮಳೆಗಾಲದಲ್ಲಿ ವಿದ್ಯುದ್ದೀಪಗಳನ್ನು ಅವಲಂಬಿಸುವುದೇ ಉತ್ತಮ.

ನಮ್ಮ ಮನೆಗಳ ಕಟ್ಟೋಣಕ್ಕೆ ಸಂಬಂಧಿಸಿದ ಮೂರು ಎಚ್ಚರಿಕೆಗಳು ಇಲ್ಲಿ ಅಗತ್ಯ. ಮೊದಲನೆಯದು, ಕೆಂಪು ಕಾವಿಯ ನೆಲ. ನೆಲಕ್ಕೆ ಬಿದ್ದ ಬೆಳಕು ಕೆಂಪಾಗಿ ಮೇಲಕ್ಕೆ ಪ್ರತಿಫಲಿಸಿ ಸರಕಿನ ಕೆಳಭಾಗಕ್ಕೆ ಬಣ್ಣ ಹಚ್ಚುತ್ತದೆ. ಎರಡನೆಯದು, ಕಿಟಕಿಯಾಚೆಗಿನ ತೆಂಗು-ಅಡಿಕೆ ತೋಟ. ಎಲೆಗಳಿಂದ ಹಾಯ್ದು ಬರುವ ಬೆಳಕಿನಲ್ಲಿ ಹಸಿರು ಛಾಯೆ ಬೆರೆತಿರುತ್ತದೆ. ನಮ್ಮ ಕಣ್ಣು ಇವೆರಡಕ್ಕೂ ಹೊಂದಿಕೊಂಡುಬಿಡುವುದರಿಂದ ತಪ್ಪು ಅರಿವಿಗೆ ಬರುವುದಿಲ್ಲ; ಕ್ಯಾಮೆರಾ ಅದನ್ನು ಇದ್ದಂತೆ ದಾಖಲಿಸುತ್ತದೆ. ಮೇಜಿನ ಸುತ್ತ ನೆಲಕ್ಕೆ ಬಿಳಿ ಬಟ್ಟೆ ಹಾಸುವುದು ಮತ್ತು ಕಿಟಕಿಗೆ ಬಿಳಿ ಪರದೆ ಕಟ್ಟುವುದು ಇದಕ್ಕೆ ಸುಲಭ ಪರಿಹಾರ. ಮೂರನೆಯದು, ಹಂಚಿನ ಮಾಡಿನ ನಡುವೆ ಕೂರಿಸಿದ ಗಾಜಿನ ಹಂಚು. ಇದರಿಂದ ಇಳಿಯುವ ಬೆಳಕಿನ ಕೋಲು ಚಾವಡಿಗೆ ಶೋಭೆ ನೀಡಿದರೂ ಅದು ನೇರ ಬಿಸಿಲೇ. ಗಂಟೆಗೊಮ್ಮೆ ಸ್ಥಳ ಬದಲಿಸುತ್ತದೆ. ಚಿತ್ರ ತೆಗೆಯುವಾಗ ಅದನ್ನು ಮುಚ್ಚಬೇಕು ಅಥವಾ ಅದರ ಕೆಳಗೆ ತೆಳುವಾದ ಬಿಳಿ ಬಟ್ಟೆ ಕಟ್ಟಬೇಕು.

3. ರಟ್ಟಿನ ಪೆಟ್ಟಿಗೆಯ ಬೆಳಕಿನ ಗೂಡು

ವರ್ಷವಿಡೀ ಒಂದೇ ರೀತಿಯ ಫಲಿತಾಂಶ ಬೇಕೆನ್ನುವವರು ಬೆಳಕಿನ ಗೂಡೊಂದನ್ನು ತಯಾರಿಸಿಕೊಳ್ಳಬಹುದು. ಸುಮಾರು ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ರಟ್ಟಿನ ಪೆಟ್ಟಿಗೆಯ ಎಡ, ಬಲ ಹಾಗೂ ಮೇಲ್ಭಾಗಗಳಲ್ಲಿ ಅಂಚನ್ನು ಬಿಟ್ಟು ಕಿಟಕಿಗಳಂತೆ ಕತ್ತರಿಸಬೇಕು. ಈ ಕಿಂಡಿಗಳಿಗೆ ಟ್ರೇಸಿಂಗ್ ಪೇಪರನ್ನೋ ತೆಳು ಬಿಳಿ ಬಟ್ಟೆಯನ್ನೋ ಅಂಟಿಸಬೇಕು. ಒಳಗೆ ಬಿಳಿ ಡ್ರಾಯಿಂಗ್ ಹಾಳೆಯನ್ನು ಹಿಂಗೋಡೆಯ ಮೇಲ್ತುದಿಯಿಂದ ತಳದವರೆಗೆ ಮಡಿಕೆಯಿಲ್ಲದೆ ಬಾಗಿಸಿ ಇಳಿಬಿಟ್ಟರೆ, ನೆಲ ಮತ್ತು ಗೋಡೆ ಸೇರುವ ಗೆರೆ ಚಿತ್ರದಲ್ಲಿ ಕಾಣಿಸದು. ಎರಡೂ ಪಕ್ಕಗಳಲ್ಲಿ ಒಂದೇ ತಯಾರಿಕೆಯ, ಒಂದೇ ವ್ಯಾಟಿನ ಎರಡು ಎಲ್‌ಇಡಿ ಬಲ್ಬುಗಳನ್ನು ಇರಿಸಿದರೆ ಗೂಡು ಸಿದ್ಧ.

ಬಲ್ಬನ್ನು ಕೊಳ್ಳುವಾಗ ಅದರ ವರ್ಣನಿಷ್ಠೆಯ ಸೂಚ್ಯಂಕವನ್ನು, ಅಂದರೆ ಸಿಆರ್‌ಐ ಎಂಬ ಸಂಖ್ಯೆಯನ್ನು ನೋಡಬೇಕು. ಅದು 90 ಅಥವಾ ಮೇಲ್ಪಟ್ಟಿರುವುದು ಅಪೇಕ್ಷಣೀಯ. ಕಡಿಮೆ ಸೂಚ್ಯಂಕದ ಬೆಳಕಿನಲ್ಲಿ ಕೆಂಪು ಬಣ್ಣಗಳು ಕಳೆಗುಂದುತ್ತವೆ. ಅದನ್ನು ಅನಂತರ ತಿದ್ದುವುದು ಕಷ್ಟ. ಕೋಣೆಯ ಉಳಿದ ದೀಪಗಳನ್ನು ಆರಿಸಿ, ಕಿಟಕಿಯನ್ನು ಮುಚ್ಚಿಯೇ ಚಿತ್ರ ತೆಗೆಯಬೇಕು. ಹಗಲಿನ ಬೆಳಕು ಒಂದು ಕಡೆಯಿಂದ, ಹಳದಿ ದೀಪ ಇನ್ನೊಂದು ಕಡೆಯಿಂದ ಬಿದ್ದರೆ ಸರಕಿನ ಒಂದು ಪಾರ್ಶ್ವ ನೀಲಿಯಾಗಿಯೂ ಇನ್ನೊಂದು ಪಾರ್ಶ್ವ ಹಳದಿಯಾಗಿಯೂ ಕಾಣುತ್ತದೆ. ಕ್ಯಾಮೆರಾದ ಯಾವ ಹೊಂದಾಣಿಕೆಯೂ ಎರಡನ್ನೂ ಏಕಕಾಲಕ್ಕೆ ಸರಿಪಡಿಸಲಾರದು.

ದೀಪದ ದೂರದ ಬಗ್ಗೆ ಒಂದು ಸರಳ ಗಣಿತವಿದೆ. ಸಣ್ಣ ದೀಪವೊಂದರಿಂದ ದೂರ ಎರಡರಷ್ಟಾದರೆ ಸರಕಿನ ಮೇಲೆ ಬೀಳುವ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಒಂದು ಅಡಿ ದೂರದ ಪೊಟ್ಟಣಕ್ಕೆ ಬೀಳುವ ಬೆಳಕಿನ ಅರ್ಧಕ್ಕಿಂತ ಕಡಿಮೆ ಮಾತ್ರ ಒಂದೂವರೆ ಅಡಿ ದೂರದ ಪೊಟ್ಟಣಕ್ಕೆ ದೊರೆಯುತ್ತದೆ. ಸಾಲಾಗಿ ಜೋಡಿಸಿದ ಪೊಟ್ಟಣಗಳಲ್ಲಿ ಒಂದು ತುದಿ ಬೆಳಗಿ ಇನ್ನೊಂದು ತುದಿ ಮಂಕಾಗುವುದಕ್ಕೆ ಇದೇ ಕಾರಣ. ದೀಪಗಳನ್ನು ಸ್ವಲ್ಪ ದೂರ ಸರಿಸಿದರೆ ಅಥವಾ ಎರಡೂ ಬದಿಯಿಂದ ಸಮನಾಗಿ ಬೆಳಕು ನೀಡಿದರೆ ಈ ದೋಷ ನಿವಾರಣೆಯಾಗುತ್ತದೆ.

4. ಎಕ್ಸ್‌ಪೋಷರ್: ಮೂರು ಬಾಬ್ತುಗಳ ಒಂದು ಲೆಕ್ಕ

ಕ್ಯಾಮೆರಾದ ಒಳಗೆ ಎಷ್ಟು ಬೆಳಕು ದಾಖಲಾಗುತ್ತದೆ ಎಂಬುದನ್ನು ಎಕ್ಸ್‌ಪೋಷರ್ ಎನ್ನುತ್ತೇವೆ. ಇದನ್ನು ಮೂರು ಹೊಂದಾಣಿಕೆಗಳು ನಿರ್ಧರಿಸುತ್ತವೆ.

(ಅ) ಅಪರ್ಚರ್: ಮಸೂರದ ರಂಧ್ರದ ಗಾತ್ರ. ಎಫ್/4, ಎಫ್/8, ಎಫ್/16 ಎಂದು ಇದನ್ನು ಸೂಚಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟು ರಂಧ್ರ ಚಿಕ್ಕದು, ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು. ಸಣ್ಣ ಸರಕನ್ನು ಹತ್ತಿರದಿಂದ ತೆಗೆಯುವಾಗ ಈ ಆಳ ಬಹಳ ಕುಗ್ಗುವುದರಿಂದ ಎಫ್/8ರಿಂದ ಎಫ್/11ರವರೆಗೆ ಇಟ್ಟುಕೊಳ್ಳುವುದು ಸೂಕ್ತ. ಎಫ್/16ಕ್ಕಿಂತ ಮುಂದೆ ಹೋದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರದ ಮೊನಚು ತಗ್ಗುತ್ತದೆ.

(ಆ) ಷಟರ್ ವೇಗ: ಬೆಳಕು ಒಳಗೆ ಬರುವ ಕಾಲಾವಧಿ. ಸರಕು ಅಲುಗಾಡುವುದಿಲ್ಲವಾದ್ದರಿಂದ ಕಾಲಾವಧಿ ದೀರ್ಘವಾದರೂ ಬಾಧಕವಿಲ್ಲ. ಆದರೆ ಕ್ಯಾಮೆರಾ ಅಲುಗಾಡಬಾರದು. ಟ್ರೈಪಾಡಿನ ಮೇಲಿರಿಸಿ, ಎರಡು ಸೆಕೆಂಡಿನ ಟೈಮರ್ ಬಳಸಿ ಚಿತ್ರ ತೆಗೆಯಬೇಕು. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿರುವುದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಆದಕಾರಣ 1/100, 1/50 ಅಥವಾ 1/25 ಸೆಕೆಂಡಿನ ವೇಗಗಳನ್ನು ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುವುದಿಲ್ಲ.

(ಇ) ಐಎಸ್‌ಒ: ಬೆಳಕಿಗೆ ಕ್ಯಾಮೆರಾದ ಸ್ಪಂದನೆ. ಇದನ್ನು ಹೆಚ್ಚಿಸಿದಂತೆ ಚಿತ್ರದಲ್ಲಿ ಮರಳು ಮರಳಾದ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಟ್ರೈಪಾಡ್ ಇರುವಾಗ ಐಎಸ್‌ಒ 100ಕ್ಕಿಂತ ಮೇಲೆ ಹೋಗುವ ಅಗತ್ಯವೇ ಇಲ್ಲ.

ಜಮಾ-ಖರ್ಚಿನಂತೆ ಈ ಮೂರೂ ಪರಸ್ಪರ ಸರಿದೂಗಬೇಕು. ಮೋಡದ ದಿನ ಕಿಟಕಿಯ ಬಳಿ ಎಫ್/8, ಐಎಸ್‌ಒ 100, 1/8 ಸೆಕೆಂಡು ಎಂಬ ಹೊಂದಾಣಿಕೆ ಸರಿಯಾಗಿದೆಯೆಂದು ಭಾವಿಸೋಣ. ಎಫ್/4, ಐಎಸ್‌ಒ 100, 1/30 ಸೆಕೆಂಡು ಎಂದಿಟ್ಟರೂ, ಎಫ್/8, ಐಎಸ್‌ಒ 400, 1/30 ಸೆಕೆಂಡು ಎಂದಿಟ್ಟರೂ ಚಿತ್ರದ ಪ್ರಕಾಶ ಅಷ್ಟೇ. ಆದರೆ ಮೊದಲ ಬದಲಾವಣೆಯಲ್ಲಿ ಸ್ಪಷ್ಟತೆಯ ಆಳವೂ ಎರಡನೆಯದರಲ್ಲಿ ಚಿತ್ರದ ನಯವೂ ಖರ್ಚಾಗುತ್ತವೆ. ಸಣ್ಣ ಸರಕಿನ ಚಿತ್ರೀಕರಣದಲ್ಲಿ ನಮ್ಮ ಬಳಿ ಧಾರಾಳವಾಗಿರುವುದು ಸಮಯ. ಆದುದರಿಂದ ಷಟರ್ ವೇಗದ ಬಾಬ್ತಿನಿಂದಲೇ ಖರ್ಚು ಮಾಡುವುದು ಲಾಭಕರ.

ಇನ್ನು ಕ್ಯಾಮೆರಾದ ಬೆಳಕುಮಾಪಕದ ಸ್ವಭಾವವನ್ನು ತಿಳಿಯಬೇಕು. ಅದು ತನ್ನೆದುರಿನ ಯಾವ ವಸ್ತುವನ್ನಾದರೂ ಮಧ್ಯಮ ಬೂದುಬಣ್ಣದ್ದೆಂದೇ ಎಣಿಸುತ್ತದೆ. ಬಿಳಿ ಹಾಳೆಯ ಮೇಲಿನ ಬಿಳಿ ತಿರುಳನ್ನು ಸ್ವಯಂಚಾಲಿತ ಕ್ರಮದಲ್ಲಿ ತೆಗೆದರೆ ಎರಡೂ ಬೂದಿಯಾಗುತ್ತವೆ. ಕಪ್ಪು ಬಟ್ಟೆಯ ಮೇಲಿನ ಬೆಳ್ಳಿಯ ಬಟ್ಟಲನ್ನು ತೆಗೆದರೆ ಕಪ್ಪು ಬೂದಿಯಾಗಿ ಬೆಳ್ಳಿ ಸುಟ್ಟ ಬಿಳಿಯಾಗುತ್ತದೆ. ಇದನ್ನು ಸರಿಪಡಿಸಲು ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಎಂಬ ಗುಂಡಿಯಿದೆ. ಬಿಳಿ ಹಿನ್ನೆಲೆಗೆ +1ರಿಂದ ಆರಂಭಿಸಿ ಅಗತ್ಯವಿದ್ದರೆ +1⅓ರವರೆಗೆ, ಕಪ್ಪು ಹಿನ್ನೆಲೆಗೆ −1ರಷ್ಟು ಬದಲಿಸಿ ನೋಡಬೇಕು. ಫಲಿತಾಂಶವನ್ನು ಪರದೆಯ ಹೊಳಪಿನಿಂದ ಅಳೆಯದೆ ಹಿಸ್ಟೋಗ್ರಾಮ್ ಎಂಬ ನಕ್ಷೆಯಿಂದ ಪರೀಕ್ಷಿಸಬೇಕು. ನಕ್ಷೆಯ ರಾಶಿ ಬಲಕ್ಕೆ ಸರಿದಿರಲಿ, ಆದರೆ ಬಲಗೋಡೆಗೆ ಒತ್ತಿಕೊಂಡಿರಬಾರದು. ಒತ್ತಿಕೊಂಡ ಭಾಗದ ವಿವರಗಳು ಶಾಶ್ವತವಾಗಿ ಹೋದಂತೆಯೇ.

5. ಬಣ್ಣದ ಸತ್ಯ: ವೈಟ್ ಬ್ಯಾಲೆನ್ಸ್

ಮಧ್ಯಾಹ್ನದ ಬಿಸಿಲಿನ ವರ್ಣತಾಪ ಸುಮಾರು 5,500 ಕೆಲ್ವಿನ್. ಮೋಡದ ಬೆಳಕು ಸುಮಾರು 6,500. ಹಳದಿ ಬಲ್ಬು 2,700ರಿಂದ 3,000. ಯಾವ ಬೆಳಕಿನಲ್ಲಿ ಚಿತ್ರ ತೆಗೆಯುತ್ತಿದ್ದೇವೆಂಬುದನ್ನು ಕ್ಯಾಮೆರಾಕ್ಕೆ ತಿಳಿಸುವ ಕ್ರಮವೇ ವೈಟ್ ಬ್ಯಾಲೆನ್ಸ್. ಇದನ್ನು ಸ್ವಯಂಚಾಲಿತವಾಗಿ ಬಿಟ್ಟರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೊಸದಾಗಿ ಊಹೆ ಮಾಡುತ್ತದೆ. ಒಂದೇ ಸೀರೆ ಮೂರು ಚಿತ್ರಗಳಲ್ಲಿ ಮೂರು ಬಣ್ಣವಾಗಿ ಕಾಣುವುದು ಇದರಿಂದಲೇ. ಛಾಯಾಗ್ರಹಣದ ಅಂಗಡಿಗಳಲ್ಲಿ ದೊರೆಯುವ ಬೂದುಬಣ್ಣದ ಕಾರ್ಡನ್ನು ಸರಕಿನ ಸ್ಥಳದಲ್ಲಿರಿಸಿ, ಅದರ ಆಧಾರದಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್ ನಿಗದಿಪಡಿಸಬೇಕು. ಕಚೇರಿಯ ಬಿಳಿ ಕಾಗದ ಇದಕ್ಕೆ ಅಷ್ಟು ವಿಶ್ವಾಸಾರ್ಹವಲ್ಲ. ಹೊಳಪಿಗಾಗಿ ಸೇರಿಸಿದ ರಾಸಾಯನಿಕದಿಂದ ಹಗಲಿನ ಬೆಳಕಿನಲ್ಲಿ ಅದು ತುಸು ನೀಲಿಯಾಗಿರುತ್ತದೆ.

6. ಸರಕಿಗೆ ತಕ್ಕ ವಿಧಾನ

ಗೇರುಬೀಜದ ತಿರುಳು: ದರವನ್ನು ನಿರ್ಧರಿಸುವ ಎರಡು ಅಂಶಗಳು ಬಣ್ಣ ಮತ್ತು ಗಾತ್ರ. ಬಿಳಿ, ತಿಳಿ ದಂತವರ್ಣ ಅಥವಾ ತಿಳಿಬೂದಿಯ ಇಡಿ ತಿರುಳು 'ಡಬ್ಲ್ಯು' ದರ್ಜೆ. ಹುರಿಯುವಾಗ ಅಥವಾ ಒಣಗಿಸುವಾಗ ಶಾಖ ಹೆಚ್ಚಾಗಿ ನಸುಗಂದಾದದ್ದು 'ಎಸ್‌ಡಬ್ಲ್ಯು' ದರ್ಜೆ. ಹಳದಿ ದೀಪದ ಕೆಳಗೆ ತಪ್ಪು ಹೊಂದಾಣಿಕೆಯಲ್ಲಿ ತೆಗೆದ ಚಿತ್ರದಲ್ಲಿ ಮೊದಲ ದರ್ಜೆಯ ತಿರುಳು ಎರಡನೆಯದರಂತೆ ಕಾಣುತ್ತದೆ. ಅತಿಯಾಗಿ ಬೆಳಗಿಸಿದರೆ ಎರಡನೆಯದು ಮೊದಲನೆಯದರಂತೆ ಕಾಣುತ್ತದೆ. ಖರೀದಿದಾರನ ತಕರಾರಿಗೆ ಇದು ನೇರ ಆಹ್ವಾನ. ಆದುದರಿಂದ ಈ ಸರಕಿಗೆ ಬೂದು ಕಾರ್ಡನ್ನು ಬಿಟ್ಟು ಚಿತ್ರ ತೆಗೆಯಲೇಬಾರದು. ಗಾತ್ರದ ವಿಷಯದಲ್ಲಿ, ಡಬ್ಲ್ಯು-320 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ 300ರಿಂದ 320 ತಿರುಳುಗಳು; ಡಬ್ಲ್ಯು-240 ಎಂದರೆ 220ರಿಂದ 240. ತಿರುಳೊಂದರ ತೂಕದಲ್ಲಿ ಅರ್ಧ ಗ್ರಾಮಿನಷ್ಟು ಅಂತರವಿದ್ದರೂ ಅಳತೆಯ ಆಧಾರವಿಲ್ಲದ ಚಿತ್ರದಲ್ಲಿ ಎರಡೂ ಒಂದೇ. ಕನಿಷ್ಠ ಒಂದು ಚಿತ್ರದಲ್ಲಾದರೂ ತಿರುಳಿನ ಪಕ್ಕ ಅಳತೆಪಟ್ಟಿಯನ್ನು ಇರಿಸಬೇಕು. ತಿಳಿನೀಲಿ ಅಥವಾ ಬೂದು ಹಿನ್ನೆಲೆಯಲ್ಲಿ ಬಿಳಿ ತಿರುಳಿನ ಅಂಚು ಬಿಳಿಯ ಮೇಲಿಗಿಂತ ಚೆನ್ನಾಗಿ ಎದ್ದುಕಾಣುತ್ತದೆ.

ಮಸಾಲೆ ಪುಡಿ ಮತ್ತು ಕುಚ್ಚಲಕ್ಕಿ: ಕುಂದಾಪುರದ ಮಸಾಲೆ ಪುಡಿಯ ಕೆಂಪು ಬಣ್ಣ ಕ್ಯಾಮೆರಾದಲ್ಲಿ ಬೇಗನೆ ಮಿತಿಮೀರಿ, ಪುಡಿಯ ಕಣಗಳೆಲ್ಲ ಒಂದೇ ಕೆಂಪು ಮುದ್ದೆಯಾಗಿ ಕಾಣುತ್ತವೆ. −⅓ರಿಂದ −⅔ರಷ್ಟು ತಗ್ಗಿಸಿ, ಹಿಸ್ಟೋಗ್ರಾಮಿನಲ್ಲಿ ಕೆಂಪಿನ ನಕ್ಷೆಯನ್ನು ಪ್ರತ್ಯೇಕವಾಗಿ ನೋಡಬೇಕು. ಇದ್ದುದಕ್ಕಿಂತ ಕೆಂಪಾಗಿ ತೋರಿಸಿದರೆ ಕೃತಕ ಬಣ್ಣ ಬೆರೆಸಿದ ಸಂಶಯಕ್ಕೂ ಎಡೆಯಾಗಬಹುದು. ಅಕ್ಕಿಗೆ ಒಂದು ಪಕ್ಕದಿಂದ ಬರುವ ಬೆಳಕು ಸಾಕು. ಕಾಳಿನ ಆಕಾರ, ಮೇಲಿನ ಕೆಂಪು ಪದರ ಎರಡೂ ಸ್ಪಷ್ಟವಾಗುತ್ತವೆ.

ಉಡುಪಿ ಸೀರೆ: ಭೌಗೋಳಿಕ ಸೂಚಕದ ಮಾನ್ಯತೆಯಿರುವ ಈ ಹತ್ತಿ ಕೈಮಗ್ಗದ ಸೀರೆಯ ಮೌಲ್ಯ ಅದರ ನೇಯ್ಗೆಯಲ್ಲಿದೆ. ಎದುರಿನಿಂದ ಬೀಳುವ ಬೆಳಕು ನೇಯ್ಗೆಯನ್ನು ಅಳಿಸಿಹಾಕುತ್ತದೆ. ಬಟ್ಟೆಯ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ತಗ್ಗಿನ ಕೋನದಲ್ಲಿ ಪಕ್ಕದಿಂದ ಬೆಳಕು ನೀಡಿದರೆ ಪ್ರತಿ ಎಳೆಯೂ ತನ್ನ ನೆರಳಿನಿಂದ ಕಾಣಿಸಿಕೊಳ್ಳುತ್ತದೆ. ಇಡೀ ಸೀರೆ, ಸೆರಗು, ಅಂಚು, ನೇಯ್ಗೆಯ ಸಮೀಪ ನೋಟ ಹೀಗೆ ನಾಲ್ಕು ಚಿತ್ರಗಳು ಅವಶ್ಯ. ನಾಲ್ಕಕ್ಕೂ ವೈಟ್ ಬ್ಯಾಲೆನ್ಸ್ ಒಂದೇ ಇರತಕ್ಕದ್ದು.

ಹಿತ್ತಾಳೆ ಮತ್ತು ಕಂಚಿನ ವಸ್ತುಗಳು: ಹೊಳೆಯುವ ಲೋಹವು ಕನ್ನಡಿಯಂತೆ ಸುತ್ತಲಿನ ಎಲ್ಲವನ್ನೂ, ಕ್ಯಾಮೆರಾ ಹಿಡಿದವರನ್ನೂ ತೋರಿಸುತ್ತದೆ. ಇಲ್ಲಿ ದೀಪವನ್ನು ವಸ್ತುವಿನತ್ತ ತಿರುಗಿಸದೆ, ವಸ್ತುವಿನ ಸುತ್ತಲಿನ ಬಿಳಿ ಬಟ್ಟೆಯತ್ತ ತಿರುಗಿಸಬೇಕು. ಆದರೆ ಸುತ್ತಲೂ ಬಿಳಿಯೇ ಆದರೆ ವಸ್ತುವಿನ ಆಕಾರ ಅಳಿಸಿಹೋಗುತ್ತದೆ. ಎರಡೂ ಪಕ್ಕಗಳಲ್ಲಿ ಒಂದೊಂದು ಕಪ್ಪು ಕಾಗದದ ಪಟ್ಟಿ ನಿಲ್ಲಿಸಿದರೆ ಅಂಚುಗಳಿಗೆ ಕಪ್ಪು ಗೆರೆ ದೊರೆತು ಉಬ್ಬುತಗ್ಗುಗಳು ತಿಳಿಯುತ್ತವೆ. ಬೆಳಕಿನ ಹೊಳಪನ್ನು ತಗ್ಗಿಸುವ ಪೋಲರೈಸರ್ ಫಿಲ್ಟರ್ ಗಾಜು, ಪ್ಲಾಸ್ಟಿಕ್‌ಗಳಿಗೆ ಉಪಯುಕ್ತವಾದರೂ ಬರಿಯ ಲೋಹದ ಪ್ರತಿಫಲನಕ್ಕೆ ಪ್ರಯೋಜನವಿಲ್ಲ.

ತೆಂಗಿನೆಣ್ಣೆಯ ಬಾಟಲಿ: ಪಾರದರ್ಶಕ ಸರಕಿಗೆ ಬೆಳಕು ಹಿಂದಿನಿಂದ ಬರಬೇಕು. ಬಾಟಲಿಯ ಹಿಂದಿನ ಬಿಳಿ ಹಾಳೆಗೆ ಬೆಳಕು ಹಾಯಿಸಿದರೆ ಎಣ್ಣೆಯ ತಿಳಿ ಬಣ್ಣ ಗೋಚರಿಸುತ್ತದೆ. ಇದರೊಡನೆ ಒಂದು ವ್ಯಾವಹಾರಿಕ ಸೂಚನೆ: ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕರಾವಳಿಯಲ್ಲಿ ತಿಳಿದ್ರವವಾಗಿ ಚಿತ್ರಿತವಾದ ಎಣ್ಣೆ ಚಳಿಗಾಲದ ಉತ್ತರ ಭಾರತದಲ್ಲಿ ಬಿಳಿ ಗಡ್ಡೆಯಾಗಿ ತಲುಪಬಹುದು. ಗಟ್ಟಿಯಾದ ಸ್ಥಿತಿಯ ಚಿತ್ರವೊಂದನ್ನೂ ಒಂದು ಸಾಲಿನ ವಿವರಣೆಯನ್ನೂ ಸೇರಿಸಿದರೆ ಅನಗತ್ಯ ತಕರಾರು ತಪ್ಪುತ್ತದೆ.

ಪೊಟ್ಟಣದ ಚೀಟಿ: ಹೊಳಪಿನ ಪ್ಲಾಸ್ಟಿಕ್ ಪೊಟ್ಟಣಕ್ಕೆ ಎರಡೂ ಪಕ್ಕಗಳಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಬೆಳಕು ನೀಡಿ, ಕ್ಯಾಮೆರಾವನ್ನು ಚೀಟಿಗೆ ನೇರ ಎದುರಾಗಿ ಇರಿಸಿದರೆ ಅಕ್ಷರಗಳ ಮೇಲೆ ಬೆಳಕಿನ ಕಲೆ ಬೀಳದು. ಪೊಟ್ಟಣದ ಸಾಮಗ್ರಿಗಳ ಕುರಿತ ಕಾನೂನುಬದ್ಧ ಮಾಪನಶಾಸ್ತ್ರ ನಿಯಮಗಳ (2011) ತಿದ್ದುಪಡಿಯಂತೆ 1-1-2018ರಿಂದ ಆನ್‌ಲೈನ್ ಮಾರಾಟದಲ್ಲಿಯೂ ಉತ್ಪಾದಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದ ಘೋಷಣೆಗಳನ್ನು ಪ್ರದರ್ಶಿಸಬೇಕು. ಚೀಟಿಯ ಚಿತ್ರ ಓದುವಂತಿದ್ದರೆ ಈ ಘೋಷಣೆಗಳಿಗೂ ಆಹಾರ ಪರವಾನಗಿಯ 14 ಅಂಕೆಗಳ ಸಂಖ್ಯೆಗೂ ಅದು ಪೂರಕ ಆಧಾರವಾಗುತ್ತದೆ.

7. ಮೊಬೈಲ್ ಕ್ಯಾಮೆರಾ ಬಳಸುವವರಿಗೆ

ಮೊಬೈಲಿನಲ್ಲಿ ಅಪರ್ಚರ್ ಸಾಮಾನ್ಯವಾಗಿ ಬದಲಾಗದು. ಉಳಿದ ಸೂತ್ರಗಳೆಲ್ಲ ಅನ್ವಯಿಸುತ್ತವೆ. ಪರದೆಯ ಮೇಲೆ ಸರಕನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಷರ್ ಸ್ಥಿರವಾಗುತ್ತವೆ. ಬಳಿಕ ಬೆರಳನ್ನು ಮೇಲೆ ಕೆಳಗೆ ಎಳೆದು ಪ್ರಕಾಶವನ್ನು ಬದಲಿಸಬಹುದು. 'ಪ್ರೊ' ಕ್ರಮವಿದ್ದರೆ ಐಎಸ್‌ಒ, ಷಟರ್ ವೇಗ, ವೈಟ್ ಬ್ಯಾಲೆನ್ಸ್ ಮೂರನ್ನೂ ನಾವೇ ನಿಗದಿಪಡಿಸಬಹುದು. ಅಗಲ ನೋಟದ ಮಸೂರದಿಂದ ತೀರ ಸಮೀಪದಲ್ಲಿ ತೆಗೆದರೆ ಪೊಟ್ಟಣದ ಆಕಾರ ವಿಕಾರವಾಗುತ್ತದೆ. ಒಂದೂವರೆ ಎರಡು ಅಡಿ ದೂರ ಸರಿದು ಮುಖ್ಯ ಮಸೂರವನ್ನೋ ಎರಡು ಪಟ್ಟಿನ ಜೂಮನ್ನೋ ಬಳಸಬೇಕು. ಆಹಾರವನ್ನು ವರ್ಣಮಯವಾಗಿ ತೋರಿಸುವ ವಿಶೇಷ ಕ್ರಮಗಳನ್ನೂ ಫಿಲ್ಟರುಗಳನ್ನೂ ಆರಿಸಿಡಬೇಕು. ಮಸೂರದ ಮೇಲಿನ ಬೆರಳಚ್ಚನ್ನು ಮೊದಲು ಒರೆಸುವುದನ್ನು ಮರೆಯಬಾರದು.

ಮಳೆಗಾಲದ ತೇವಾಂಶದಲ್ಲಿ ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚು. ಚರ್ಮದ ಚೀಲದಲ್ಲಿ ಇಡದೆ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಬೇಕು. ಹವಾನಿಯಂತ್ರಿತ ಕೋಣೆಯಿಂದ ಹೊರತಂದ ಕೂಡಲೇ ಮಸೂರದ ಮೇಲೆ ಹಬೆ ಕಟ್ಟುತ್ತದೆ. ಅದು ತಾನಾಗಿ ಆರುವವರೆಗೆ ಕಾಯಬೇಕು.

8. ದಾಖಲೆ ಮತ್ತು ತಪಾಸಣೆ

ಪ್ರತಿ ಸರಕಿಗೂ ಬಳಸಿದ ದೀಪದ ಸ್ಥಾನ, ದೂರ, ಅಪರ್ಚರ್, ಷಟರ್ ವೇಗ, ಐಎಸ್‌ಒ ಹಾಗೂ ವೈಟ್ ಬ್ಯಾಲೆನ್ಸನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಬಾರಿ ಬೇರೊಬ್ಬರು ಚಿತ್ರ ತೆಗೆದರೂ ಫಲಿತಾಂಶ ಬದಲಾಗದು. ಚಿತ್ರದ ಕಡತಕ್ಕೆ ಸರಕಿನ ಸಂಕೇತ, ತಯಾರಿಕಾ ತಂಡದ ಸಂಖ್ಯೆ ಮತ್ತು ದಿನಾಂಕವನ್ನು ಹೆಸರಾಗಿ ನೀಡಿ, ತಿದ್ದದ ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಕಾಪಾಡಬೇಕು. ವಿವಾದ ನ್ಯಾಯಾಲಯಕ್ಕೆ ಹೋದರೆ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಪ್ರತಿಯೇ ಇಲ್ಲದಿದ್ದರೆ ನಮ್ಮ ವಾದಕ್ಕೆ ಆಧಾರ ದುರ್ಬಲವಾಗುತ್ತದೆ.

ಚಿತ್ರವನ್ನು ಪ್ರಕಟಿಸುವ ಮುನ್ನ ಈ ಐದು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಹಿತಕರ:

(1) ಸರಕನ್ನು ಹಗಲಿನ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದಾಗ ಬಣ್ಣ ಹೊಂದುತ್ತದೆಯೇ?
(2) ಬಿಳಿಯ ಭಾಗದಲ್ಲಿಯೂ ಕಪ್ಪು ಭಾಗದಲ್ಲಿಯೂ ವಿವರ ಉಳಿದಿದೆಯೇ?
(3) ಗಾತ್ರವನ್ನು ತಿಳಿಯಲು ಆಧಾರವಿದೆಯೇ?
(4) ಚೀಟಿಯ ಅಕ್ಷರಗಳನ್ನು ಓದಬಹುದೇ?
(5) ಚಿತ್ರದಲ್ಲಿರುವುದು ಈಗ ರವಾನೆಯಾಗುತ್ತಿರುವ ಸರಕೇ, ಅಥವಾ ಹಿಂದಿನ ಉತ್ತಮ ತಂಡದ್ದೇ?

ಇವುಗಳಲ್ಲಿ ಐದನೆಯದು ಕ್ಯಾಮೆರಾಕ್ಕೆ ಸಂಬಂಧಿಸಿದ್ದಲ್ಲ. ಆದರೆ ಉಳಿದ ನಾಲ್ಕೂ ಸರಿಯಾಗಿದ್ದು ಇದೊಂದು ತಪ್ಪಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹಂಗಾಮಿನಿಂದ ಹಂಗಾಮಿಗೆ ಬದಲಾಗುವ ಕೃಷಿಮೂಲದ ಸರಕುಗಳಿಗೆ ವರ್ಷಕ್ಕೊಮ್ಮೆಯಾದರೂ ಹೊಸ ಚಿತ್ರಗಳನ್ನು ತೆಗೆಯತಕ್ಕದ್ದು.

ಮೇಲೆ ಹೇಳಿದ ಯಾವ ಕ್ರಮಕ್ಕೂ ದೊಡ್ಡ ಬಂಡವಾಳ ಬೇಡ. ಒಂದು ರಜಾದಿನದ ಮಧ್ಯಾಹ್ನ, ಒಂದು ರಟ್ಟಿನ ಪೆಟ್ಟಿಗೆ, ಎರಡು ಬಲ್ಬು, ಒಂದು ಟ್ರೈಪಾಡ್ ಮತ್ತು ಒಂದು ಬೂದು ಕಾರ್ಡ್ ಇದ್ದರೆ ಅಭ್ಯಾಸ ಆರಂಭಿಸಬಹುದು. ಮೊದಲು ತಮ್ಮ ಸರಕುಗಳಲ್ಲಿ ಅತಿ ಹೆಚ್ಚು ಮರಳಿ ಬರುವ ಒಂದನ್ನು ಮಾರಾಟ ವಾಪಸಾತಿಯ ಲೆಕ್ಕದಿಂದ ಗುರುತಿಸಿ, ಅದರ ಚಿತ್ರವನ್ನು ಬದಲಿಸಿ, ಮುಂದಿನ ಮೂರು ತಿಂಗಳ ವಾಪಸಾತಿಯನ್ನು ಹಿಂದಿನದರೊಡನೆ ಹೋಲಿಸಿ ನೋಡುವಂತೆ ಸದಸ್ಯ ಬಾಂಧವರಲ್ಲಿ ವಿನಂತಿ. ಉಳಿದ ಸರಕುಗಳಿಗೆ ಎಷ್ಟು ಶ್ರಮ ವಹಿಸಬಹುದೆಂಬುದನ್ನು ಆ ಹೋಲಿಕೆಯಿಂದಲೇ ನಿರ್ಧರಿಸಬಹುದು.